ಸವೆದ ಭಾಗ, ದಣಿದ ಭಾಗ: ಹಳೇ ಎಂಜಿನ್ ಕಟ್ಟುವಾಗ ಏನು ಉಳಿಸಬೇಕು?

ಹಳೇ ಕಾರಿನ ಎಂಜಿನ್ ಪೂರ್ತಿ ಬಿಚ್ಚಿ ಹರಡಿಕೊಂಡು ಕೂತರೆ ಎರಡು ಥರದ ಸಲಹೆ ಬರುತ್ತದೆ. "ಹೇಗೂ ಬಿಚ್ಚಿದ್ದೀರಲ್ಲ, ಎಲ್ಲಾ ಹೊಸದು ಹಾಕಿಬಿಡಿ" ಅನ್ನುವುದು ಒಂದು. "ಚೆನ್ನಾಗೇ ಓಡ್ತಿತ್ತಲ್ಲ, ತೊಳೆದು ಹಾಗೇ ಜೋಡಿಸಿ" ಅನ್ನುವುದು ಇನ್ನೊಂದು. ಎರಡೂ ಕಾಳಜಿಯಿಂದಲೇ ಬರುವ ಮಾತು. ಆದರೆ ಎರಡರಲ್ಲೂ ಅಳತೆಯ ಸುದ್ದಿ ಇಲ್ಲ. ಮೊದಲನೆಯವರು ಭಯದಿಂದ ಹೇಳುತ್ತಾರೆ, ಎರಡನೆಯವರು ಅಭ್ಯಾಸದಿಂದ.

ನಾನೀಗ ಕಟ್ಟುತ್ತಿರುವುದು ಮಿನಿ ಕಾರಿನ 1275 ಸಿಸಿ ಎಂಜಿನ್. ಎ ಸೀರೀಸ್ ಅಂತ ಕರೆಯುವ ಈ ಕುಟುಂಬ 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿಸಿಯಾಗಿ ಶುರುವಾಯಿತು, 2000ದವರೆಗೂ ತಯಾರಾಗುತ್ತಲೇ ಇತ್ತು. ಅಷ್ಟು ವರ್ಷ ನಡೆದದ್ದರಿಂದ ಬಿಡಿಭಾಗಗಳು ಇವತ್ತಿಗೂ ಸಲೀಸಾಗಿ ಸಿಗುತ್ತವೆ. ಕಷ್ಟ ಇರುವುದೂ ಅಲ್ಲೇ. ಸಿಗುತ್ತೆ ಅಂತ ಗೊತ್ತಾದ ತಕ್ಷಣ ಬದಲಿಸುವ ಆಸೆ ಹುಟ್ಟುತ್ತದೆ, ಕೈಲಿರುವ ಭಾಗವನ್ನು ನಿಧಾನವಾಗಿ ನೋಡುವ ತಾಳ್ಮೆ ಹೋಗುತ್ತದೆ.

ಒಂದೊಂದು ಭಾಗ ಕೈಗೆತ್ತಿಕೊಂಡಾಗಲೂ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದು ಕೆಡುವುದು ಸವೆದೋ, ದಣಿದೋ? ಸವೆಯುವ ಭಾಗ ಹೇಳಿ ಕೆಡುತ್ತದೆ. ಹೊಗೆ ಬರುತ್ತದೆ, ಸದ್ದು ಬರುತ್ತದೆ, ಆಯಿಲ್ ಪ್ರೆಶರ್ ಇಳಿಯುತ್ತದೆ. ಅಳೆದರೆ ಎಷ್ಟು ಹೋಗಿದೆ, ಇನ್ನೆಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ದಣಿಯುವ ಭಾಗ ಹಾಗಲ್ಲ. ಮೈಕ್ರೋಮೀಟರ್‌ಗೆ ಅದು ಹೊಸದರ ಹಾಗೇ ಕಾಣುತ್ತದೆ. ಒಳಗೆ ಸಣ್ಣ ಬಿರುಕು ಬೆಳೆಯುತ್ತಾ ಇರುತ್ತದೆ, ಒಂದು ದಿನ ತುಂಡಾಗುತ್ತದೆ. ಸವೆತದ ಜೊತೆ ಚೌಕಾಸಿ ಮಾಡಬಹುದು. ದಣಿವಿನ ಜೊತೆ ಆಗುವುದಿಲ್ಲ. ಎಂಜಿನ್ ಕಟ್ಟುವಾಗಿನ ನನ್ನ ಬಹುಪಾಲು ತೀರ್ಮಾನಗಳು ಈ ಒಂದು ಗೆರೆಯ ಆಚೆ ಈಚೆಯೇ ನಿಲ್ಲುತ್ತವೆ.

ಬೋರ್‌ನಿಂದ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಕೊಳವೆಯಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ತಲೆಕೆಡಿಸಿಕೊಳ್ಳುವುದು ಅಲ್ಲೇ.

ಸಿಲಿಂಡರ್ ಎಲ್ಲಾ ಕಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ಮೇಲೆ ಬಂದು ತಿರುಗುವ ಜಾಗದಲ್ಲಿ, ಪಿಸ್ಟನ್ ಸುತ್ತಲಿನ ಬಳೆಗಳಲ್ಲಿ, ಅಂದರೆ ರಿಂಗ್‌ಗಳಲ್ಲಿ, ಮೊದಲನೆಯದು ನಿಲ್ಲುವ ಮಟ್ಟದಲ್ಲಿ ಸವೆತ ಅತಿ ಜಾಸ್ತಿ. ಆ ಕ್ಷಣ ಪಿಸ್ಟನ್ ಹೆಚ್ಚುಕಡಿಮೆ ನಿಂತೇ ಇರುತ್ತದೆ. ವೇಗ ಇಲ್ಲದಿದ್ದರೆ ಆಯಿಲ್ ಪದರ ಉಳಿಯುವುದಿಲ್ಲ. ಮೇಲಿಂದ ಉರಿಯುವ ಗ್ಯಾಸ್ ರಿಂಗಿನ ಹಿಂದಕ್ಕೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಹಸಿ ಪೆಟ್ರೋಲ್ ಇಳಿದು ಇದ್ದಬದ್ದ ಆಯಿಲನ್ನೂ ತೊಳೆದುಬಿಡುತ್ತದೆ. ಹೀಗೆ ಮೇಲ್ಗಡೆ ಸವೆದು, ಅದಕ್ಕಿಂತ ಮೇಲೆ ರಿಂಗ್ ಮುಟ್ಟದ ಜಾಗ ಹಾಗೇ ಉಳಿದು, ನಡುವೆ ಒಂದು ಮೆಟ್ಟಿಲು ಏಳುತ್ತದೆ. ಉಗುರು ಹಾಕಿ ಕೆಳಗಿಂದ ಮೇಲಕ್ಕೆ ಎಳೆದರೆ ತಗಲುತ್ತದೆ.

ಈ ಉಗುರಿನ ಪರೀಕ್ಷೆಯನ್ನೇ ನಂಬಿ ಎಷ್ಟೋ ಬ್ಲಾಕ್‌ಗಳು (ಸಿಲಿಂಡರ್‌ಗಳಿರುವ ಎಂಜಿನ್ನಿನ ಎರಕದ ಒಡಲು) ಬೋರ್ ದೊಡ್ಡದಾಗಿ ಕೊರೆಯುವ ಬೋರಿಂಗ್ ಯಂತ್ರಕ್ಕೆ ಹೋಗಿವೆ. ಅದು ನನಗೆ ಒಪ್ಪಿಗೆಯಿಲ್ಲ. ತಲೆಕೂದಲಿಗಿಂತ ಎಷ್ಟೋ ತೆಳುವಾದ ಮೆಟ್ಟಿಲೂ ಉಗುರಿಗೆ ಸಿಕ್ಕಿಬಿಡುತ್ತದೆ, ಇಂಗಾಲದ ಪದರವೂ ಮೆಟ್ಟಿಲಿನ ಹಾಗೇ ತಗಲುತ್ತದೆ. ಮೊದಲು ಇಂಗಾಲ ತೆಗೆಯಬೇಕು. ಆಮೇಲೆ ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಮಟ್ಟದಲ್ಲೂ ಕ್ರ್ಯಾಂಕ್‌ನ (ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟ ಮಾಡುವ ದಂಡ) ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಮೇಲಿನ ಮತ್ತು ಕೆಳಗಿನ ಅಳತೆಯ ವ್ಯತ್ಯಾಸ ಟೇಪರ್ ಹೇಳುತ್ತದೆ. ಉದ್ದ ಅಡ್ಡಗಳ ವ್ಯತ್ಯಾಸ ಬೋರ್ ಎಷ್ಟು ಮೊಟ್ಟೆಯಾಕಾರಕ್ಕೆ ತಿರುಗಿದೆ ಅಂತ ಹೇಳುತ್ತದೆ. ಬ್ಲಾಕ್, ಪಿಸ್ಟನ್, ಗೇಜ್ ಎಲ್ಲಾ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದಿರಬೇಕು. ಅಳತೆಗೆಲ್ಲ 20 ಡಿಗ್ರಿ ಸೆಲ್ಸಿಯಸ್ ಆಧಾರ. 70 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 0.015 ಮಿ.ಮೀ. ಹಿಗ್ಗುತ್ತದೆ, ಎರಕದ ಕಬ್ಬಿಣದ ಬೋರ್ ಅದರ ಅರ್ಧದಷ್ಟು ಮಾತ್ರ. ಬಿಸಿಲಿಂದ ಈಗಷ್ಟೇ ಒಳಗೆ ತಂದ ಪಿಸ್ಟನ್ ಅಳೆದು ತೀರ್ಮಾನ ಮಾಡಿದರೆ ಲೆಕ್ಕ ತಪ್ಪುತ್ತದೆ.

ಸರಿ, ಸವೆತ ಎಷ್ಟಿದ್ದರೆ ಜಾಸ್ತಿ? ಪ್ರತಿ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್ ತನ್ನ ಮಿತಿ ಕೊಟ್ಟಿರುತ್ತದೆ, ಅದೇ ಮೊದಲ ಮಾತು. ಅದರ ಜೊತೆಗೆ ನಾನು ರಿಂಗಿನ ಕಡೆಯಿಂದ ಯೋಚಿಸುತ್ತೇನೆ. ಬೋರ್‌ನ ಅಡ್ಡಳತೆ 0.1 ಮಿ.ಮೀ. ದೊಡ್ಡದಾದರೆ ಸುತ್ತಳತೆ ಅದರ ಮೂರು ಪಟ್ಟು ಚಿಲ್ಲರೆ, ಅಂದರೆ 0.31 ಮಿ.ಮೀ. ಬೆಳೆಯುತ್ತದೆ. ಅಷ್ಟೂ ರಿಂಗಿನ ಬಾಯಿಯ ಸಂದಿಗೆ ಸೇರುತ್ತದೆ. 0.3 ಮಿ.ಮೀ. ಇರಬೇಕಾದ ಸಂದಿ ಮೇಲ್ಗಡೆ ಹೋದಾಗ 0.6 ಆಗುತ್ತದೆ. ಗ್ಯಾಸ್ ಒತ್ತಡ ಅತಿ ಹೆಚ್ಚಿರುವ ಜಾಗದಲ್ಲೇ ಬಾಯಿ ಅಗಲವಾಗಿ ತೆರೆದಿರುತ್ತದೆ, ಅಲ್ವಾ? ಇನ್ನೂ ಒಂದು ವಿಷಯ. ಟೇಪರ್ ಇರುವ ಬೋರ್‌ನಲ್ಲಿ ರಿಂಗ್ ಪ್ರತಿ ಸುತ್ತಿಗೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಬೇಕು. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ. ಹಾಗೆ ಅಲುಗಾಡುತ್ತಾ ಅದು ಪಿಸ್ಟನ್ನಿನಲ್ಲಿ ತಾನು ಕೂರುವ ತೋಡನ್ನೂ ಸವೆಸುತ್ತದೆ. ಹಾಗಾಗಿ 0.1 ದಾಟಿದ ಬೋರ್‌ಗೆ ಬರೀ ಹೊಸ ರಿಂಗ್ ಹಾಕುವುದು ನನಗೆ ಸರಿಕಾಣುವುದಿಲ್ಲ. ಅದರೊಳಗೆ ಇದ್ದರೆ, ಗೀರು ಇಲ್ಲದಿದ್ದರೆ, ಹೋನಿಂಗ್ ಮಾಡಿಸಿ (ಗೋಡೆಯನ್ನು ಕಲ್ಲಿನಿಂದ ತುಸು ಉಜ್ಜಿಸಿ ಅಡ್ಡಡ್ಡ ಗೆರೆ ಹಾಕಿಸಿ) ಹೊಸ ರಿಂಗ್ ಹಾಕುವುದು ಅಡ್ಡದಾರಿ ಅಲ್ಲವೇ ಅಲ್ಲ, ಒಳ್ಳೇ ಕೆಲಸವೇ.

ನನ್ನ ಬ್ಲಾಕ್‌ನಲ್ಲಿ ಮೂರನೇ ಸಿಲಿಂಡರ್ ಎಲ್ಲಕ್ಕಿಂತ ಕೆಟ್ಟದ್ದು, 0.06 ಮಿ.ಮೀ. ಉಳಿದವು ಅದಕ್ಕಿಂತ ಕಡಿಮೆ. ಬೋರ್ ಮಾಡಿಸುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಇದಕ್ಕೆ ಖರ್ಚು ಕಾರಣವಲ್ಲ. ಬ್ಲಾಕ್‌ನ ಲೋಹಕ್ಕೂ ಒಂದು ಮಿತಿ ಇದೆ. ಈ ಎಂಜಿನ್ನಿನ ಮೂಲ ಬೋರ್ 70.61 ಮಿ.ಮೀ. ಇಂಚಿನ ಲೆಕ್ಕದಲ್ಲಿ ಹುಟ್ಟಿದ ಎಂಜಿನ್‌ಗಳಿಗೆ ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ ಇಂಚಿನ ಸಾವಿರದ 20, 40, 60 ಭಾಗ ಅನ್ನುವ ಮೆಟ್ಟಿಲುಗಳಲ್ಲಿ ಬರುತ್ತವೆ, ಅಂದರೆ 0.51, 1.02, 1.52 ಮಿ.ಮೀ. ಒಮ್ಮೆ ಬೋರ್ ಮಾಡಿಸಿದರೆ ಒಂದು ಮೆಟ್ಟಿಲು ಹೋಯಿತು. ಕೊನೇ ಮೆಟ್ಟಿಲು ಮುಗಿದ ಮೇಲೆ ಉಳಿಯುವುದು ಸ್ಲೀವ್, ಅಂದರೆ ಬೋರ್‌ನೊಳಗೆ ಹೊಸ ಕೊಳವೆ ಹಾಕಿಸುವ ದಾರಿ. 0.06 ಸವೆತಕ್ಕೆ 0.5 ಮಿ.ಮೀ. ಲೋಹ ಕೊರೆಸಿ ಬಿಸಾಡುವುದೆಂದರೆ ಹಲವಾರು ವರ್ಷಗಳ ಓಟವನ್ನು ಒಂದೇ ಮಧ್ಯಾಹ್ನದಲ್ಲಿ ತಿಂದು ಮುಗಿಸಿದ ಹಾಗೆ. ಈ ಬ್ಲಾಕ್ ಎರಕ ಹೊಯ್ಯುತ್ತಿದ್ದ ಮೂಲ ಕಾರ್ಖಾನೆ ಈಗ ಅದನ್ನು ಹೊಯ್ಯುತ್ತಿಲ್ಲ. ನನ್ನ ನಂತರ ಇನ್ನೊಬ್ಬರ ಕೈಗೆ ಹೋಗುತ್ತದೆ, ಅವರ ನಂತರ ಮತ್ತೊಬ್ಬರಿಗೆ. ಅವರಿಗೂ ಒಂದೆರಡು ಮೆಟ್ಟಿಲು ಉಳಿಸಬೇಕು ಅಂತ ನನಗೆ ನಿಜವಾಗಿಯೂ ಅನಿಸುತ್ತದೆ. ಬೋರ್ ಮಾಡಿಸಲೇಬೇಕಾದರೂ ಗೀರು ಹೋಗುವ ಅತಿ ಚಿಕ್ಕ ಮೆಟ್ಟಿಲಿಗೆ ನಿಲ್ಲಿಸಿ. ಪವರ್ ಸ್ವಲ್ಪ ಜಾಸ್ತಿ ಬರಲಿ ಅಂತ ನೇರ ಕೊನೇ ಓವರ್‌ಸೈಜ್‌ಗೆ ಹಾರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಂತ ಹಳೇ ಬೋರ್‌ಗೆ ಹೊಸ ರಿಂಗ್ ಸುಮ್ನೆ ತೂರಿಸುವ ಹಾಗಿಲ್ಲ. ಹಳೇ ರಿಂಗಿನ ಮೇಲಂಚು ಸವೆದು ದುಂಡಗಾಗಿರುತ್ತದೆ, ಹೊಸ ರಿಂಗಿನದು ಚೂಪು. ಆ ಚೂಪು ಅಂಚು ಮೆಟ್ಟಿಲಿಗೆ ಬಡಿದರೆ ರಿಂಗ್ ಮುರಿಯಬಹುದು, ಪಿಸ್ಟನ್ನಿನ ರಿಂಗ್ ಕೂರುವ ಅಂಚೂ ಒಡೆಯಬಹುದು. ಮೆಟ್ಟಿಲು ತೆಗೆಸಬೇಕು, ಇಲ್ಲವೇ ಮೇಲಂಚಿನಲ್ಲಿ ಕಚ್ಚು ಇರುವ ರಿಂಗ್ ಹಾಕಬೇಕು. ಬೋರ್ ಗೋಡೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಹೋನಿಂಗ್ ಕಡ್ಡಾಯ. ಅಡ್ಡಡ್ಡ ಗೆರೆಗಳಿಲ್ಲದ ಗೋಡೆಯಲ್ಲಿ ಆಯಿಲ್ ನಿಲ್ಲುವುದಿಲ್ಲ, ಹೊಸ ರಿಂಗ್ ಕೂರುವುದೂ ಇಲ್ಲ. ಪಿಸ್ಟನ್ನಿನ ಮೇಲಿನ ತೋಡಿನಲ್ಲಿ ಹೊಸ ರಿಂಗ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಅಲ್ಲಿ 0.1 ಮಿ.ಮೀ.ಗಿಂತ ಜಾಸ್ತಿ ಸಂದಿ ಸಿಕ್ಕಿದರೆ ಆ ಪಿಸ್ಟನ್ ಬೇಡ, ಬೋರ್ ಎಷ್ಟೇ ಚೆನ್ನಾಗಿರಲಿ.

ಮ್ಯಾನುಯಲ್‌ನ ಮಿತಿಗಳ ಬಗ್ಗೆ ಒಂದು ಮಾತು. ಅಲ್ಲಿ ಎರಡು ಥರದ ಅಂಕಿ ಇರುತ್ತವೆ. ಹೊಸ ಎಂಜಿನ್ನಿಗೆ ಬೇಕಾದ ಅಳತೆ ಒಂದು, ಓಡಿದ ಎಂಜಿನ್ನಿಗೆ ಒಪ್ಪಬಹುದಾದ ಕೊನೇ ಗಡಿ ಇನ್ನೊಂದು. ಇವೆರಡನ್ನೂ ಬೆರೆಸಿಬಿಟ್ಟರೆ ಪ್ರತಿ ಭಾಗವೂ ಹಾಳಾದ ಹಾಗೇ ಕಾಣುತ್ತದೆ. ಆ ಅಂಕಿಗಳು ಬರೆದದ್ದು ದಿನಾ ಓಡುವ ಕಾರಿಗೆ. ವರ್ಷಕ್ಕೆ ಒಂದೆರಡು ಸಾವಿರ ಕಿಲೋಮೀಟರ್ ಓಡುವ ಹಳೇ ಕಾರಿನಲ್ಲಿ ಅರ್ಧ ಆಯುಷ್ಯ ಉಳಿದ ಭಾಗ ದಶಕಗಟ್ಟಲೆ ಬಾಳಬಹುದು. ಆದರೆ ಕಡಿಮೆ ಓಡುವ ಕಾರಿಗೆ ಬೇರೆ ರೋಗ ಇದೆ. ಪದೇಪದೇ ಸ್ಟಾರ್ಟ್ ಮಾಡಿ, ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಒಳಗೆ ನೀರಿನ ಪಸೆ ಕೂರುತ್ತದೆ, ತುಕ್ಕು ಹಿಡಿಯುತ್ತದೆ. ತಿಂಗಳುಗಟ್ಟಲೆ ನಿಂತ ಎಂಜಿನ್ನಿನ ಬೋರ್‌ನಲ್ಲಿ ರಿಂಗ್ ಕೂತಿದ್ದ ಜಾಗಕ್ಕೆ ಸರಿಯಾಗಿ ಒಂದು ಕಂದು ಉಂಗುರ ಕಾಣುತ್ತದೆ. ಅದು ಹೋನಿಂಗ್‌ನಲ್ಲಿ ಹೋದರೆ ಸರಿ, ಗುಳಿ ಬಿದ್ದಿದ್ದರೆ ಅಳತೆ ಎಷ್ಟೇ ಇದ್ದರೂ ಬೋರ್ ಮಾಡಿಸಲೇಬೇಕು.

ಇನ್ನು ಬೇರಿಂಗ್. ಇಲ್ಲಿ ನನ್ನದು ಉಲ್ಟಾ ವಾದ: ಕ್ರ್ಯಾಂಕ್ ತಿರುಗುವ ಜಾಗಕ್ಕೆ ಹಾಕುವ, ಅರ್ಧ ಬಳೆಯಂಥ ಶೆಲ್ ಬೇರಿಂಗ್‌ಗಳನ್ನು ಚೆನ್ನಾಗಿದ್ದರೂ ಬದಲಿಸಿ. ಬೇರಿಂಗ್ ಹುಟ್ಟಿರುವುದೇ ಕ್ರ್ಯಾಂಕ್ ಉಳಿಸಿ ತಾನು ಸವೆಯಲಿಕ್ಕೆ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಬೇರಿಂಗ್‌ಗೆ ಪೇಟೆಂಟ್ ಪಡೆದ ಕಾಲದಿಂದಲೂ ಮೂಲ ಉಪಾಯ ಅದೇ. ಗಟ್ಟಿ ಉಕ್ಕಿನ ಎದುರಿಗೆ ಮೆತ್ತನೆ ಲೋಹ ಇಟ್ಟರೆ ಆಯಿಲ್‌ನಲ್ಲಿ ಬಂದ ಕಸ ಮೆತ್ತನೆಯದರಲ್ಲಿ ಹೂತುಹೋಗುತ್ತದೆ, ಗಟ್ಟಿಯದು ಉಳಿಯುತ್ತದೆ. ಆಮೇಲಿನ ಕಾಲದ ಮೂರು ಪದರದ ಶೆಲ್‌ಗಳಲ್ಲಿ ಉಕ್ಕಿನ ಬೆನ್ನು, ನಡುವೆ ತಾಮ್ರ ಸೀಸದ ಪದರ, ಮೇಲೆ 0.02 ಮಿ.ಮೀ. ಆಸುಪಾಸಿನ ಮೆತ್ತನೆ ಲೇಪ ಇರುತ್ತದೆ.

ಆದರೆ ಹಳೇ ಶೆಲ್ ಬಿಸಾಡುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ಓದಬೇಕು. ಬೂದು ಬಣ್ಣ ಎಲ್ಲಾ ಕಡೆ ಒಂದೇ ಸಮ ಇದ್ದರೆ ಎಲ್ಲಾ ಸರಿಯಿತ್ತು ಅಂತ ಅರ್ಥ. ನಡುವೆ ತಾಮ್ರದ ಬಣ್ಣ ಇಣುಕಿದ್ದರೆ ಲೇಪ ಮುಗಿದಿದೆ. ಮೇಲಿನ ಶೆಲ್‌ನ ಒಂದಂಚು, ಕೆಳಗಿನದರ ಎದುರಂಚು ಮಾತ್ರ ಹೊಳೆಯುತ್ತಿದ್ದರೆ ಪಿಸ್ಟನ್ನಿಗೂ ಕ್ರ್ಯಾಂಕ್‌ಗೂ ನಡುವಿನ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಅದನ್ನು ನೋಡದೆ ಹೊಸ ಶೆಲ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ. ಮಿನಿಯಲ್ಲಿ ಇನ್ನೊಂದು ವಿಶೇಷ ಇದೆ. 1959ರ ಮೊದಲ ಕಾರಿನಿಂದಲೇ ಗೇರ್‌ಬಾಕ್ಸ್ ಎಂಜಿನ್ ಕೆಳಗೆ, ಆಯಿಲ್ ನಿಲ್ಲುವ ಸಂಪ್‌ನಲ್ಲೇ ಇದೆ. ಎರಡಕ್ಕೂ ಒಂದೇ ಆಯಿಲ್. ನನ್ನ ಎಂಜಿನ್ನಿನ ಶೆಲ್‌ಗಳಲ್ಲಿ ಮಿಣುಮಿಣುಗುವ ಉಕ್ಕಿನ ಚೂರುಗಳು ಹೂತಿದ್ದವು. ಕ್ರ್ಯಾಂಕ್ ಚೆನ್ನಾಗೇ ಇತ್ತು, ಚೂರು ಬಂದದ್ದು ಗೇರ್‌ಬಾಕ್ಸ್‌ನಿಂದ. ಶೆಲ್ ಹೇಳದಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಯೋಚನೆಯೇ ನನಗೆ ಬರುತ್ತಿರಲಿಲ್ಲ.

ಬೇರಿಂಗ್ ಸಂದಿಯ ಲೆಕ್ಕ ಬಹಳ ಸೂಕ್ಷ್ಮ. ಹಳೇ ಎಂಜಿನ್‌ಗಳಲ್ಲಿ ಜರ್ನಲ್‌ನ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್‌ನ ದುಂಡು ಭಾಗ) ಅಡ್ಡಳತೆಯ ಸಾವಿರದ ಒಂದು ಭಾಗದಷ್ಟು ಸಂದಿ ಅನ್ನುವುದು ಅಂದಾಜು ಸೂತ್ರ. 50.8 ಮಿ.ಮೀ. ಮೇನ್ ಜರ್ನಲ್‌ಗೆ 0.05 ಮಿ.ಮೀ. ಸಂದಿಯಿಂದ ಹರಿದುಹೋಗುವ ಆಯಿಲ್, ಸಂದಿಯ ಘನದ ಲೆಕ್ಕದಲ್ಲಿ ಏರುತ್ತದೆ. ಸಂದಿ ಎರಡು ಪಟ್ಟಾದರೆ ಹರಿವು ಹೆಚ್ಚುಕಡಿಮೆ ಎಂಟು ಪಟ್ಟು. ಬೋರ್‌ನಲ್ಲಿ 0.05 ಮಿ.ಮೀ. ಸವೆತ ಕ್ಷಮಿಸಬಹುದು, ಬೇರಿಂಗ್‌ನಲ್ಲಿ ಅದೇ 0.05 ಸವೆತ ಆಯಿಲ್ ಪ್ರೆಶರನ್ನೇ ಕೆಡವುತ್ತದೆ. ಒಂದೇ ಎಂಜಿನ್ ಒಳಗೆ ಅಷ್ಟೇ ಸವೆತಕ್ಕೆ ಎರಡು ಬೇರೆ ತೀರ್ಪು ಬರುವುದು ಹೀಗೆ.

ಕ್ರ್ಯಾಂಕ್ ಜರ್ನಲ್ ದುಂಡಗೆ ಉಳಿದು, ಮಿತಿಯೊಳಗಿದ್ದರೆ ಪಾಲಿಶ್ ಸಾಕು. ಮೊಟ್ಟೆಯಾಕಾರವಾಗಿದ್ದರೆ, ಆಳವಾದ ಗೀರು ಬಿದ್ದಿದ್ದರೆ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಶೆಲ್ ಹಾಕಲೇಬೇಕು. ಗ್ರೈಂಡ್ ಮಾಡುವವರಿಗೆ ಒಂದು ವಿಷಯ ಒತ್ತಿ ಹೇಳಿ. ಜರ್ನಲ್ ಮುಗಿದು ಅದರ ಪಕ್ಕದ ಗೋಡೆ ಶುರುವಾಗುವ ಮೂಲೆಯಲ್ಲಿ ಒಂದು ದುಂಡು ತಿರುವು ಇರುತ್ತದೆ, ಅದನ್ನು ಹಾಗೇ ಉಳಿಸಬೇಕು. ಮೂಲೆ ಚೂಪಾದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಮೇಲ್ಮೈ ನೈಟ್ರೈಡಿಂಗ್ ಆದ ಕ್ರ್ಯಾಂಕ್ ಆಗಿದ್ದರೆ ಗ್ರೈಂಡಿಂಗ್‌ನಲ್ಲಿ ಆ ಗಟ್ಟಿ ಪದರವೂ ಹೋಗುತ್ತದೆ, ಮತ್ತೆ ಮಾಡಿಸಬೇಕಾಗುತ್ತದೆ.

ಈಗ ದಣಿಯುವ ಭಾಗಗಳು. ನನ್ನ ಮನಸ್ಸು ಇಲ್ಲಿ ಬಹಳ ಕಠಿಣ.

ಕನೆಕ್ಟಿಂಗ್ ರಾಡ್ ಬೋಲ್ಟ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಥ್ರೆಡ್ ಚೆನ್ನಾಗಿದೆ, ಉದ್ದ ಸರಿಯಾಗಿದೆ, ತುಕ್ಕಿಲ್ಲ, ನಟ್ ನುಣ್ಣಗೆ ಇಳಿಯುತ್ತದೆ. ಬದಲಿಸಲು ಕಾರಣವೇ ಕಾಣುವುದಿಲ್ಲ. ಆದರೆ ಅದು ಮಾಡಿರುವ ಕೆಲಸ ಯೋಚಿಸಿ. ಎಕ್ಸಾಸ್ಟ್ ಸ್ಟ್ರೋಕ್ ಮುಗಿಯುವಾಗ ಪಿಸ್ಟನ್ ಮೇಲಕ್ಕೆ ಹಾರಿಹೋಗಲು ನೋಡುತ್ತದೆ. ಅದನ್ನು ತಡೆಯಲು ಮೇಲೆ ಗ್ಯಾಸ್ ಒತ್ತಡ ಇರುವುದಿಲ್ಲ, ಹಿಡಿದು ಎಳೆಯುವುದು ರಾಡ್ ಮತ್ತು ಅದರ ಎರಡು ಬೋಲ್ಟ್ ಮಾತ್ರ. ಈ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 3000ದಲ್ಲಿ ಇದ್ದದ್ದು 6000 ಆರ್‌ಪಿಎಂನಲ್ಲಿ ನಾಲ್ಕು ಪಟ್ಟು. ಎರಡು ಸುತ್ತಿಗೊಮ್ಮೆ ಅಂದರೂ 3000 ಆರ್‌ಪಿಎಂನಲ್ಲಿ ಗಂಟೆಗೆ 90,000 ಸಲ. ಸಾವಿರ ಗಂಟೆ ಓಡಿದ ಎಂಜಿನ್ನಿನಲ್ಲಿ ಒಂಬತ್ತು ಕೋಟಿ ಸಲ.

ಒಂದೇ ಸಲಕ್ಕೆ ಮುರಿಯದ ಭಾರ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ ಅನ್ನುವುದನ್ನು ಜನ ಬಹಳ ನೋವಿನಿಂದ ಕಲಿತರು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು, ಬೆಂಕಿ ಹೊತ್ತಿ, 50ಕ್ಕೂ ಹೆಚ್ಚು ಜನ ಸತ್ತರು. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದರು. ಉಕ್ಕು ಒಂದು ಮಟ್ಟದ ಕೆಳಗಿನ ಭಾರವನ್ನು ಎಷ್ಟು ಸಲ ಬೇಕಾದರೂ ತಾಳುತ್ತದೆ, ಅದರ ಮೇಲಿನದಕ್ಕೆ ಸಲಗಳ ಲೆಕ್ಕ ಇದೆ ಅಂತ ತೋರಿಸಿದರು. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟವಾದ ಸುರಕ್ಷಿತ ಮಟ್ಟ ಇಲ್ಲ.

ಒಳ್ಳೇ ವಿನ್ಯಾಸದ ರಾಡ್ ಬೋಲ್ಟ್ ಆ ಸುರಕ್ಷಿತ ಮಟ್ಟದ ಕೆಳಗೇ ಇರುತ್ತದೆ, ಸರಿಯಾದ ಟಾರ್ಕ್‌ಗೆ ಬಿಗಿದಿದ್ದರೆ. ಸರಿಯಾಗಿ ಬಿಗಿದ ಬೋಲ್ಟ್‌ಗೆ ಏರಿಳಿತದ ಪಾಲು ಕಡಿಮೆ ತಗಲುತ್ತದೆ, ಸಡಿಲವಿದ್ದರೆ ಪೂರ್ತಿ ತಗಲುತ್ತದೆ. ನನಗೆ ಗೊತ್ತಿಲ್ಲದ ಕೈಗಳು ದಶಕಗಳ ಹಿಂದೆ ಈ ಬೋಲ್ಟ್ ಬಿಗಿದಿವೆ. ಯಾರು ಎಷ್ಟು ಬಿಗಿದರು, ಎಷ್ಟು ಸಲ ಬಿಚ್ಚಿದರು ಅನ್ನುವುದು ಬೋಲ್ಟ್ ಮೇಲೆ ಬರೆದಿಲ್ಲ. ಅದಕ್ಕೇ ಇದರಲ್ಲಿ ಅಳತೆ ಇಲ್ಲ, ಚರ್ಚೆ ಇಲ್ಲ. ರಾಡ್ ಬೋಲ್ಟ್, ನಟ್ ಎಲ್ಲಾ ಹೊಸದು. ಬೋರ್ ಸವೆದರೆ ನೀಲಿ ಹೊಗೆ ಬರುತ್ತದೆ, ಅಷ್ಟೇ. ರಾಡ್ ಬೋಲ್ಟ್ ತುಂಡಾದರೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತದೆ, ಉಳಿಸಲು ಏನೂ ಉಳಿಯುವುದಿಲ್ಲ.

ವಾಲ್ವ್ ಸ್ಪ್ರಿಂಗ್‌ಗಳೂ ಇದೇ ಸಾಲಿಗೆ. ಉದ್ದ ಅಳೆಯಬಹುದು, ಒತ್ತಡ ನೋಡಬಹುದು, ಆದರೆ ಒಳಗಿನ ದಣಿವು ಕಾಣುವುದಿಲ್ಲ. ಬದಲಿಸಿ ಮುಗಿಸಿ. ಕ್ರ್ಯಾಂಕ್ ಮತ್ತು ರಾಡ್‌ಗಳನ್ನು ಹಾಗೆ ಬದಲಿಸಲಾಗದು, ಬದಲಿಸಬೇಕಾಗಿಯೂ ಇಲ್ಲ. ಅವನ್ನು ಕಾಂತೀಯ ಪರೀಕ್ಷೆಗೆ ಕೊಡಿ. ಲೋಹವನ್ನು ಕಾಂತ ಮಾಡಿ ಕಬ್ಬಿಣದ ಪುಡಿ ಹರಿಸಿದರೆ, ಕಣ್ಣಿಗೆ ಕಾಣದ ಬಿರುಕಿನ ಉದ್ದಕ್ಕೂ ಪುಡಿ ಸಾಲಾಗಿ ಕೂರುತ್ತದೆ. ಅಲ್ಯೂಮಿನಿಯಂ ಕಾಂತಕ್ಕೆ ಬಗ್ಗುವುದಿಲ್ಲವಾದ್ದರಿಂದ ಅದಕ್ಕೆ ಬಣ್ಣ ಇಳಿಸಿ ನೋಡುವ ಪರೀಕ್ಷೆ. ಎಷ್ಟೋ ಜನ ಹೊಳೆಯುವ ಹೊಸ ಪಿಸ್ಟನ್‌ಗೆ ಖರ್ಚು ಮಾಡಿ ಈ ಪರೀಕ್ಷೆ ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ, ಒಂದನ್ನೇ ಮಾಡಿಸಲು ಆಗುವುದಾದರೆ ಇದನ್ನೇ ಮಾಡಿಸಿ.

ಇನ್ನು ಕೆಲವು ಭಾಗಗಳು ಒಂಟಿಯಾಗಿ ಸವೆಯುವುದಿಲ್ಲ, ಜೋಡಿಯಾಗಿ ಸವೆಯುತ್ತವೆ. ವಾಲ್ವ್ ತೆರೆಸುವ ಕ್ಯಾಮ್ ಮತ್ತು ಅದರ ಉಬ್ಬಿಗೆ (ಲೋಬ್) ತಾಗಿ ಮೇಲೇಳುವ ಟ್ಯಾಪೆಟ್ ಇದಕ್ಕೆ ಒಳ್ಳೇ ಉದಾಹರಣೆ. ಫ್ಲಾಟ್ ಟ್ಯಾಪೆಟ್ ಅಂತ ಹೆಸರು, ಆದರೆ ಅದರ ತಳ ಪೂರ್ತಿ ಚಪ್ಪಟೆ ಅಲ್ಲ, ತೀರಾ ಸಣ್ಣ ಉಬ್ಬು ಇರುತ್ತದೆ. ಕ್ಯಾಮ್ ಲೋಬ್‌ಗೂ ತುಸು ಓರೆ ಕೊಟ್ಟಿರುತ್ತಾರೆ. ಇವೆರಡೂ ಸೇರಿ ಟ್ಯಾಪೆಟ್ ತಿರುಗುತ್ತಾ ಇರುವ ಹಾಗೆ ಮಾಡುತ್ತವೆ, ಅದರಿಂದ ಸವೆತ ಹಂಚಿಹೋಗುತ್ತದೆ. ಕಾಲಕ್ರಮದಲ್ಲಿ ಪ್ರತಿ ಟ್ಯಾಪೆಟ್ ತನ್ನ ಲೋಬ್‌ಗೆ ಹೊಂದಿಕೊಳ್ಳುತ್ತದೆ. ಅದಕ್ಕೇ ಬಿಚ್ಚುವಾಗ ಯಾವುದು ಎಲ್ಲಿತ್ತು ಅಂತ ಗುರುತು ಹಾಕಿ ಇಡಬೇಕು. ತಳ ನುಣ್ಣಗಿದ್ದರೆ ಅದೇ ಜಾಗಕ್ಕೆ ಹಾಕಿ, ನಿಶ್ಚಿಂತೆಯಿಂದ ಓಡಿಸಿ. ತಳದಲ್ಲಿ ಗುಳಿ ಬಿದ್ದಿದ್ದರೆ ಕ್ಯಾಮ್ ಕೂಡ ಬದಲಿಸಿ. ಹೊಸ ಕ್ಯಾಮ್‌ಗೆ ಹಳೇ ಟ್ಯಾಪೆಟ್ ಮಾತ್ರ ಬೇಡವೇ ಬೇಡ, ಹೊಸ ಲೋಬ್ ಬಹಳ ಬೇಗ ತಿಂದುಹೋಗಬಹುದು. ಎರಡೂ ಹೊಸದಾದರೆ ಮೊದಲ ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ಗೆ ಬಿಡದೆ ಸುಮಾರು 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು, ಜಿಂಕ್ ಇರುವ ಆಯಿಲ್ ಹಾಕಿರಬೇಕು. ಈಗಿನ ಕಾರುಗಳ ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಆ ಜಿಂಕ್ ರಂಜಕದ ಅಂಶ ಕಡಿಮೆ ಮಾಡಿದ್ದಾರೆ.

ಟೈಮಿಂಗ್ ಚೈನ್ "ಎಳೆದುಕೊಂಡಿದೆ" ಅನ್ನುತ್ತೇವೆ. ನಿಜಕ್ಕೂ ಆಗುವುದು ಪ್ರತಿ ಕೊಂಡಿಯ ಪಿನ್ನಿನ ಸವೆತ. ಚೈನ್ ಬದಲಿಸಿದರೆ ಸ್ಪ್ರಾಕೆಟ್ ಹಲ್ಲುಗಳೂ ಕೊಕ್ಕೆಯಂತಾಗಿವೆಯಾ ನೋಡಿ, ಆಗಿದ್ದರೆ ಎಲ್ಲಾ ಒಟ್ಟಿಗೆ. ವಾಲ್ವ್ ಒತ್ತುವ ರಾಕರ್‌ಗಳು ಕೂರುವ ರಾಕರ್ ಶಾಫ್ಟ್‌ಗೂ ಇದೇ ಮಾತು, ಅದು ಸವೆಯುವುದು ಕೆಳಮೈಯಲ್ಲಿ, ಬಿಚ್ಚದೆ ಕಾಣುವುದಿಲ್ಲ. ಗ್ಯಾಸ್ಕೆಟ್, ಆಯಿಲ್ ಸೀಲ್, ಕೋರ್ ಪ್ಲಗ್ ಎಲ್ಲಾ ಹೊಸದು, ಯೋಚಿಸುವುದೇ ಬೇಡ.

ಕೈ ಎಟುಕುತ್ತದಾ ಅನ್ನುವುದೂ ದೊಡ್ಡ ಪ್ರಶ್ನೆ. ಈ ಎಂಜಿನ್ನಿನ ಆಯಿಲ್ ಪಂಪ್ ಬ್ಲಾಕ್‌ನ ತುದಿಯಲ್ಲಿ, ಫ್ಲೈವೀಲ್ ಹಿಂದೆ ಇದೆ, ಕ್ಯಾಮ್‌ಶಾಫ್ಟ್‌ನಿಂದ ತಿರುಗುತ್ತದೆ. ನಾಳೆ ಅದು ಕೈಕೊಟ್ಟರೆ ಎಂಜಿನ್ ಇಳಿಸಿ, ಕ್ಲಚ್, ಫ್ಲೈವೀಲ್ ಎಲ್ಲಾ ತೆಗೆಯಬೇಕು. ನನ್ನ ಪಂಪ್ ಅಳತೆಯಲ್ಲಿ ಪಾಸಾಗಿದೆ, ಆದರೂ ಹೊಸದು ಹಾಕುತ್ತಿದ್ದೇನೆ. ವಾಟರ್ ಪಂಪ್ ಅದಕ್ಕಿಂತ ಜಾಸ್ತಿ ಸವೆದಿದೆ, ಅದನ್ನು ಹಾಗೇ ಬಿಟ್ಟಿದ್ದೇನೆ. ಹೊರಗಡೆ ಇದೆ, ಸೋರಲು ಶುರುವಾದ ದಿನ ಎಂಜಿನ್ ಇಳಿಸದೆಯೇ ಬದಲಿಸಬಹುದು.

ಹೊಸದು ಅಂದ ಮಾತ್ರಕ್ಕೆ ಸರಿಯಾಗಿರುತ್ತೆ ಅಂತ ಏನಿಲ್ಲ, ಇದನ್ನು ಹೇಳದೆ ಇರಲಾರೆ. ಹಳೇ ಕಾರುಗಳಿಗೆ ಈಗ ಬರುವ ಭಾಗಗಳಲ್ಲಿ ಅತ್ಯುತ್ತಮವಾದವೂ ಇವೆ, ಪೆಟ್ಟಿಗೆ ಮಾತ್ರ ಚೆನ್ನಾಗಿರುವವೂ ಇವೆ. ಹಳೇದನ್ನು ಅಳೆದಷ್ಟೇ ಶ್ರದ್ಧೆಯಿಂದ ಹೊಸದನ್ನೂ ಅಳೆಯಿರಿ. ರಿಂಗನ್ನು ಅದು ಕೂರುವ ಬೋರ್‌ನೊಳಗೇ ಇಟ್ಟು ಬಾಯಿ ಸಂದಿ ನೋಡಿ. ಮಿತಿಯೊಳಗಿರುವ ಮೂಲ ಭಾಗವೋ, ಗುರುತಿಲ್ಲದ ಹೊಸ ಭಾಗವೋ ಅಂತ ಬಂದರೆ, ಸವೆಯುವ ಜಾತಿಯದಾದರೆ ನಾನು ಮೂಲದ್ದನ್ನೇ ಆರಿಸುತ್ತೇನೆ. ಅದು ದಶಕಗಳ ಕಾಲ ಕೆಲಸ ಮಾಡಿ ತೋರಿಸಿದೆ. ಆ ಕಾಲದಲ್ಲೇ ತಯಾರಾಗಿ ಪೆಟ್ಟಿಗೆಯಲ್ಲೇ ಉಳಿದ ಭಾಗ ಸಿಕ್ಕಿದರೆ ಲೋಹದ್ದಾದರೆ ಚಿನ್ನ. ರಬ್ಬರ್‌ದಾದರೆ ಬೇಡ, ಬಳಸದಿದ್ದರೂ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ.

ಕೊನೆಗೆ ಉಳಿದದ್ದು ವಾಲ್ವ್ ಸೀಟ್, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಅಂಚು. ನಾನು ಅತಿ ಹೆಚ್ಚು ಹೊತ್ತು ಯೋಚಿಸಿದ್ದು ಇದರ ಬಗ್ಗೆಯೇ. 1921ರಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಗ್ಲಿ ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ (ಪೆಟ್ರೋಲ್ ತಪ್ಪಾಗಿ ಸಿಡಿದು ಬರುವ ಬಡಿತ) ನಿಲ್ಲುತ್ತದೆ ಅಂತ ಕಂಡುಕೊಂಡರು, 1923ರಲ್ಲಿ ಅದು ಮಾರಾಟಕ್ಕೆ ಬಂತು. ಆ ಸೀಸ ಜನರ ಆರೋಗ್ಯಕ್ಕೆ ಮಾಡಿದ ಹಾನಿ ಭಯಂಕರ, ಅದು ಹೋದದ್ದೇ ಒಳ್ಳೆಯದು. 2021ರಲ್ಲಿ ಅಲ್ಜೀರಿಯಾ ಮಾರಾಟ ನಿಲ್ಲಿಸುವುದರೊಂದಿಗೆ ಜಗತ್ತಿನ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಮುಗಿಯಿತು. ಆದರೆ ಎಕ್ಸಾಸ್ಟ್ ವಾಲ್ವ್ ಮತ್ತು ಮೆತ್ತನೆ ಎರಕದ ಸೀಟ್ ನಡುವೆ ಆ ಸೀಸದ ಪದರ ಒಂದು ರಕ್ಷಣೆಯಾಗಿತ್ತು. ಅದಿಲ್ಲದೆ ಜೋರಾಗಿ, ಬಹಳ ಹೊತ್ತು ಓಡಿಸಿದರೆ ಸೀಟ್ ಸವೆದು ವಾಲ್ವ್, ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್‌ನೊಳಕ್ಕೆ ಇಳಿಯುತ್ತಾ ಹೋಗುತ್ತದೆ. ಸೀಟ್ ಜಾಗಕ್ಕೆ ಗಟ್ಟಿ ಲೋಹದ ಬಳೆ, ಅಂದರೆ ಇನ್ಸರ್ಟ್ ಹಾಕಿಸಿದರೆ ಈ ಚಿಂತೆ ಮುಗಿಯುತ್ತದೆ. ಹಾಕಿಸಲು ಹೆಡ್ ಕೊರೆಯಬೇಕು, ಪಕ್ಕದಲ್ಲೇ ನೀರಿನ ದಾರಿ ಇದೆ, ಕೊರೆದದ್ದನ್ನು ವಾಪಸ್ ತುಂಬಲಾಗದು.

ನನ್ನ ಹೆಡ್‌ನ ಸೀಟ್‌ಗಳು ಇಳಿದಿಲ್ಲ. ವಾಲ್ವ್‌ನ ಕಾಂಡ ಓಡಾಡುವ ಗೈಡ್‌ಗಳಲ್ಲಿ ಮಾತ್ರ ಆಟ ಜಾಸ್ತಿ ಇತ್ತು, ಎಕ್ಸಿಲರೇಟರ್ ಬಿಟ್ಟು ಇಳಿಜಾರು ಇಳಿದು ಮತ್ತೆ ಒತ್ತಿದಾಗ ಬರುತ್ತಿದ್ದ ನೀಲಿ ಹೊಗೆಗೆ ಕಾರಣ ಅದೇ. ಗೈಡ್ ಹೊಸದು ಹಾಕಿಸಿ, ಅದರ ನೇರಕ್ಕೆ ಹಳೇ ಸೀಟನ್ನೇ ತುಸು ಕತ್ತರಿಸಿ, ವಾಲ್ವ್ ಲ್ಯಾಪ್ ಮಾಡಿದ್ದೇನೆ, ಅಂದರೆ ಸೀಟಿಗೆ ಉಜ್ಜಿ ಹೊಂದಿಸಿದ್ದೇನೆ. ಇನ್ಸರ್ಟ್ ಸದ್ಯಕ್ಕೆ ಬೇಡ. ಸೀಟ್ ಇಳಿಯಲು ಶುರುವಾದರೆ ಟ್ಯಾಪೆಟ್ ಸಂದಿ ಕಡಿಮೆಯಾಗುತ್ತಾ ಬರುತ್ತದೆ, ಫೀಲರ್ ಗೇಜ್‌ಗೆ ಮೊದಲೇ ಗೊತ್ತಾಗುತ್ತದೆ. ಎಂಟು ವಾಲ್ವ್‌ಗಳ ಇವತ್ತಿನ ಸಂದಿ ಬರೆದಿಟ್ಟಿದ್ದೇನೆ. ಸರ್ವಿಸ್ ಮಾಡಿದಾಗಲೆಲ್ಲ ಎಂಜಿನ್ ತಣ್ಣಗಿರುವಾಗ ಅಳೆದು ಅದರ ಪಕ್ಕದಲ್ಲೇ ಬರೆಯುವುದು, ಎರಡು ಮತ್ತು ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್‌ಗಳ ಮೇಲೆ ಜಾಸ್ತಿ ನಿಗಾ ಇಡುವುದು. ಆ ಎರಡಕ್ಕೂ ಈ ಹೆಡ್‌ನಲ್ಲಿ ಒಂದೇ ಪೋರ್ಟ್, ಬಿಸಿ ಅಲ್ಲೇ ಜಾಸ್ತಿ. ಸಂದಿ ಪ್ರತಿ ಸಲವೂ ಕುಗ್ಗುತ್ತಾ ಬಂದರೆ ಹೆಡ್ ಇಳಿಸಿ ಎಕ್ಸಾಸ್ಟ್ ಸೀಟ್ ನಾಲ್ಕಕ್ಕೂ ಇನ್ಸರ್ಟ್ ಹಾಕಿಸುತ್ತೇನೆ.